ಗುಡ್ಡದ ಮೇಲಿನ ಹದಿನೇಳು ಚಿಪ್ಪು

ನಮಗೆ ಸಮಾಜ ಪಾಠ ಮಾಡುವ ಮಾಷ್ಟ್ರ ಸ್ಕೂಟರಿನ ಸೀಟಿನಲ್ಲಿ ಅವರದೇ ಅಳತೆಯ ಒಂದು ಗುಂಡಿ ಇತ್ತು. ಅವರು ಇಳಿದ ಮೇಲೆ ಹಳೆಯ ಸ್ಪಂಜು ನಿಧಾನ, ಬಹಳ ನಿಧಾನ ಮೇಲೇಳುತ್ತಿತ್ತು. ಪೈವಳಿಕೆಯ ನಮ್ಮ ಶಾಲೆಯ ಹತ್ತನೆಯ ತರಗತಿಯನ್ನು ಒಮ್ಮೆ ಅದರ ಸುತ್ತ ನಿಲ್ಲಿಸಿಯೇ ಪಾಠ ಮಾಡಿದರು.

"ನೋಡಿ ಮಕ್ಕಳೇ, ನಾನು ಅಂದ್ರೆ ಹಿಮ. ಸ್ವೀಡನಿನ ನೆಲದ ಮೇಲೆ ಸಾವಿರಗಟ್ಟಲೆ ವರ್ಷ ಕೂತಿದ್ದೆ. ಈಗ ಕರಗಿದೆ. ಭಾರ ಹೋಯ್ತಲ್ಲ, ನೆಲ ಏಳ್ತಾ ಉಂಟು."

ನೆಲದ ಜೊತೆ ಹಳೆಯ ಸಮುದ್ರತೀರಗಳೂ ಮೇಲೇರಿ, ಅಲ್ಲಿ ಗುಡ್ಡದ ಮೈಮೇಲೆ ಮೆಟ್ಟಿಲಿನಂತೆ ನಿಂತಿವೆಯಂತೆ. ಕೆದಕಿದರೆ ಚಿಪ್ಪು ಸಿಗುತ್ತದಂತೆ.

"ನೀವು ನೋಡಿದ್ದೀರಾ ಸರ್?" ಎಂದು ಕೇಳಿದೆ.

"ಇಲ್ಲ ಮಾರಾಯ. ನೀನೂ ನೋಡ್ಲಿಲ್ಲ. ನಾವಿಬ್ರೂ ಸಮ."

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಅವರಿಗೆ ನಾಚಿಕೆ ಇರಲಿಲ್ಲ. ನನಗೋ ಯಾವುದಕ್ಕೂ ಇರಲಿಲ್ಲ. ಅವರ ನಡಿಗೆ, ಕೆಮ್ಮು, ಮೂಗಿನಿಂದ ಬರುವ ನಗು ಎಲ್ಲವನ್ನೂ ಮಾಡಿ ತೋರಿಸಿ ಶಾಲೆಯನ್ನೇ ನಗಿಸುತ್ತಿದ್ದೆ. ಅದೂ ಸಾಲದೆ, ಗೆಳೆಯನ ಮನೆಯ ಹಿತ್ತಿಲಿನಿಂದ ಮರುವಾಯಿ, ಅಂದರೆ ಅಡುಗೆಗೆ ತರುವ ಕಪ್ಪೆಚಿಪ್ಪಿನ, ಖಾಲಿ ಚಿಪ್ಪು ಹೆಕ್ಕಿ, ತೊಳೆದು, ಕೆಂಪು ಮಣ್ಣು ತಿಕ್ಕಿ, ಶಾಲೆಯ ಹಿಂದಿನ ಕೆಂಪು ಮುರಕಲ್ಲಿನ ಗುಡ್ಡದಲ್ಲಿ ಹರಡಿದೆ.

ಮರುದಿನ ಪಾಠಕ್ಕೆಂದು ನಮ್ಮನ್ನು ಅಲ್ಲಿಗೆ ಕರೆದೊಯ್ದಾಗ ಮಾಷ್ಟ್ರು ಬಗ್ಗಿ ಒಂದೊಂದನ್ನೇ ಆರಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡರು. "ನಾಡಿದ್ದು ಶಾಸ್ತ್ರಮೇಳ ಉಂಟಲ್ಲ, ಇದನ್ನೇ ಇಡುವಾ" ಎಂದರು.

ನನ್ನ ಊಟ ಅಲ್ಲಿಗೇ ನಿಂತಿತು. ಮಕ್ಕಳು ಮಾದರಿಗಳನ್ನಿಟ್ಟು ವಿವರಿಸುವ ಆ ಮೇಳಕ್ಕೆ ಉಪಜಿಲ್ಲೆಯ ಎಲ್ಲ ಶಾಲೆಗಳ ಮಾಷ್ಟ್ರುಗಳು ಬರುತ್ತಾರೆ. ಇವರಿಗೆ ಇನ್ನು ಕೆಲವೇ ತಿಂಗಳಲ್ಲಿ ನಿವೃತ್ತಿ. ಅವರನ್ನು ನೋಡಿ ನಗುವ ಹಕ್ಕು ನನ್ನೊಬ್ಬನದೇ ಎಂದುಕೊಂಡಿದ್ದವನಿಗೆ, ಬೇರೆಯವರು ನಗುವುದನ್ನು ನೆನೆಯಲೂ ಆಗಲಿಲ್ಲ. ಮೇಳದ ದಿನ ಬೆಳಿಗ್ಗೆ ಬಸ್ಸು ಹೊರಡುವ ಮೊದಲು ಎಲ್ಲ ಹೇಳಿಬಿಟ್ಟೆ.

ಅವರು ಗಂಟು ಬಿಚ್ಚಿದರು. "ಹದಿನೇಳು ಉಂಟು. ಒಂದಕ್ಕಾದ್ರೂ ಜೋಡಿ ಉಂಟಾ? ಅಂಚಿನಲ್ಲಿ ಇದೆಂತ, ಗೀರು?"

ನಾನು ಒಂದನ್ನೆತ್ತಿ ತಿರುಗಿಸಿ ನೋಡಿದೆ. ನಮ್ಮ ಮನೆಯ ಹೊಸ್ತಿಲನ್ನು ಮರುವಾಯಿ ದಾಟಿದ್ದೇ ಇಲ್ಲ.

"ಕತ್ತಿಯ ಗುರುತು. ಮರುವಾಯಿ ಬಿಡಿಸುವಾಗ ಎರಡರಲ್ಲಿ ಮಾಂಸ ಇದ್ದ ಚಿಪ್ಪು ಪಾತ್ರೆಗೆ, ಖಾಲಿ ಚಿಪ್ಪು ಹಿತ್ತಿಲಿಗೆ. ಮೀನು ಮುಟ್ಟದ ಪುಳಿಚಾರಿನವ ನೀನು, ನಿಂಗೆ ಹೇಗೆ ಗೊತ್ತಾಗ್ಬೇಕು?"

"ಮತ್ತೆ ಸುಮ್ಮನಿದ್ರಿ ಯಾಕೆ ಸರ್?"

"ಯಾರ ಕೆಲಸ ಅಂತ ಗೊತ್ತಿರ್ಲಿಲ್ಲ. ಬಂದು ಹೇಳ್ತಾನಾ ಅಂತ ಕಾದೆ."

"ಈಗ ಮೇಳಕ್ಕೆ ಎಂತ ಕೊಂಡುಹೋಗುದು?"

"ನಿನ್ನನ್ನು. ಬಸ್ಸು ಹತ್ತು."

ಸುಳ್ಳು ಸಮುದ್ರತೀರವನ್ನು ಗುರುತಿಸುವುದು ಹೇಗೆ ಎಂದು ಅಲ್ಲಿ ನಾನೇ ವಿವರಿಸಿದೆ, ಅವರದೇ ದನಿಯಲ್ಲಿ. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರು. ಬಹುಮಾನ ಬರಲಿಲ್ಲ. ಮಧ್ಯಾಹ್ನ ಮೂರು ಸಲ ಅನ್ನ ಹಾಕಿಸಿಕೊಂಡೆ.

ಮಾಷ್ಟ್ರು ಹೋದ ವರ್ಷ ತೀರಿಕೊಂಡರು. ನಾನೀಗ ವೇದಿಕೆಯಲ್ಲಿ ಊರವರ ಅನುಕರಣೆ ಮಾಡುತ್ತೇನೆ. ಆದರೆ ಮೊದಲು ಆಯಾ ಜನರ ಮನೆಗೇ ಹೋಗಿ, ಎದುರೇ ಮಾಡಿ ತೋರಿಸುತ್ತೇನೆ. ಹೆಚ್ಚಿನವರು ಚಹಾ ಕೊಟ್ಟಿದ್ದಾರೆ, ಒಬ್ಬರು ನಾಯಿ ಬಿಟ್ಟಿದ್ದಾರೆ. ನಾಯಿ ಬಿಟ್ಟ ದಿನವೂ ಹೊಟ್ಟೆ ತುಂಬ ಉಂಡೇ ಮಲಗಿದೆ.