ನಾನು ಸುಡದ ಮರದ ಅಚ್ಚು

ಆ ಕಾರಿನ ಇಂಜಿನ್ನಿನ ಅಚ್ಚು ಸುಟ್ಟವನು ನನ್ನ ಮೈದುನ. ನಾನಲ್ಲ.

ತೀರಿಹೋದ ನನ್ನ ಗಂಡ, ಐನಾಪುರದ ನಮ್ಮ ತಗಡಿನ ಶೆಡ್ಡಿನಲ್ಲಿ, ಪಂಪ್‌ಸೆಟ್ಟಿನ ಎರಡು ಸಿಲಿಂಡರ್ ಒಂದೇ ಮೈಯೊಳಗೆ ಕೂಡಿಸಿ ಕಾರಿಗೆ ಇಂಜಿನ್ ಮಾಡಿದ್ದರು. ಅದು ಹೇಗೆ ಹುಟ್ಟಿತು ಎಂದು ಪುಸ್ತಕ ಬರೆಯಲು ಚಿಕ್ಕೋಡಿಯ ಕಾಲೇಜಿನಿಂದ ಒಬ್ಬ ಮಾಸ್ತರರು ಬಂದರು. ಮೈದುನ ಮೊದಲೇ ಹೇಳಿ ಬರೆಸಿದ್ದನ್ನು ನಮ್ಮೆದುರು ಓದಿದರು. ನಕ್ಷೆ ತಮ್ಮನದು, ಅಣ್ಣ ಬೋಲ್ಟು ಬಿಗಿದವನು. ಮೊದಲ ಅಚ್ಚನ್ನು ಮನೆಯ ಹೆಂಗಸು ತಿಳಿಯದೆ ನೀರೊಲೆಗೆ ಹಾಕಿದಳು ಎಂದಿತ್ತು.

ಮೈದುನ ಅಲ್ಲೇ ಚಹಾ ಕುಡಿಯುತ್ತಿದ್ದ.

“ಏನಪಾ, ನಾ ಸುಟ್ನೇನು?”

“ಹಳೇ ಮಾತು ಯಾಕ ಕೆದರತಿ, ವೈನಿ?”

“ಕೆದರಿದಾಂವ ನೀನು. ಬರಸಿದಾಂವನೂ ನೀನು.”

ನಡೆದದ್ದನ್ನು ಮಾಸ್ತರರಿಗೆ ಹೇಳಿದೆ. ಕಬ್ಬಿಣ ಎರೆಯಲು ಮೊದಲು ಮರದಲ್ಲಿ ಅಚ್ಚು ಬೇಕು; ಅದನ್ನು ಮರಳಿನಲ್ಲಿ ಒತ್ತಿ ತೆಗೆದ ಗುಳಿಗೆ ಕಬ್ಬಿಣ ಹೊಯ್ಯುತ್ತಾರೆ. ಮೊದಲ ಅಚ್ಚು ಕೆತ್ತಿದವನು ಮೈದುನನೇ, ಇಂಜಿನ್ ಎಷ್ಟು ಬೇಕೋ ಅಷ್ಟೇ ಅಳತೆಗೆ. ಕುಗ್ಗುವುದಕ್ಕೆ ಅಳತೆ ಹೆಚ್ಚಿಗೆ ಬಿಟ್ಟೀರೇನು ಎಂದು ಫೌಂಡ್ರಿಯವರು ಕೇಳಿದರೆ, ತಿಳಿಯದಿದ್ದರೂ ಹೌದು ಎಂದ. ಎರೆದ ಕಬ್ಬಿಣ ಆರಿ ಕುಗ್ಗಿತು. ಎರಡು ಸಿಲಿಂಡರಿನ ನಡುವಿನ ಅಂತರ ಒಳಗೆ ತಿರುಗುವ ಕ್ರ್ಯಾಂಕಿಗೆ ಕೂಡಲಿಲ್ಲ. ಮರುದಿನ ಆ ಅಚ್ಚು ಒಡೆದು ನೀರೊಲೆಗೆ ತುರುಕಿದ. ಅದೇ ನೀರಿನಲ್ಲಿ ನಾನು ಜಳಕ ಮಾಡಿದ್ದೇನೆ.

ನನ್ನ ಗಂಡ ಎರಡು ದಿನ ತಲೆ ಹಿಡಿದು ಕೂತರು. ಅಂಗಳದಲ್ಲಿ ನಾನು ಹೊಸ ಒಲೆ ಹಾಕುತ್ತಿದ್ದೆ.

“ಬಾಯಿ ಇಷ್ಟ ಅಗಲ ಯಾಕ?” ಎಂದರು.

“ಆರಿದ ಮ್ಯಾಲ ಮಣ್ಣ ಕುಗ್ಗತೈತ್ರಿ. ರೊಟ್ಟಿ ಹಂಚ ಕೂಡಬ್ಯಾಡೇನು?”

ಎದ್ದು ಶೆಡ್ಡಿಗೆ ಹೋದರು. ಎರಡನೆಯ ಅಚ್ಚನ್ನು ಬೇಕಾದುದಕ್ಕಿಂತ ದೊಡ್ಡದು ಮಾಡಿದರು. ಆ ಇಂಜಿನ್ ನಮ್ಮನ್ನು ಅಥಣಿಗೆ ಒಯ್ದು ತಂದಿತು. ಇಬ್ಬರ ಮೂಗೂ ಹೊಗೆಯಿಂದ ಕರ್ರಗಾಗಿತ್ತು. ಇಂಜಿನ್ ನಾನು ಮಾಡಿದೆ ಎನ್ನುವುದಿಲ್ಲ. ನಾನು ಮಾಡಿದ್ದು ಒಲೆ.

ಮೈದುನ ನಕ್ಕ. “ವೈನಿಗೆ ವಯಸ್ಸಾತ್ರಿ ಸರ. ಒಲಿಗೂ ಇಂಜಿನ್ನಿಗೂ ಗಂಟ ಹಾಕಾಕತ್ತಾಳ.”

ಮಾಸ್ತರರು ಪೆನ್ನು ಜೇಬಿಗೆ ಹಾಕಿಕೊಂಡರು. “ಆಧಾರ ಇಲ್ದ ಹೆಂಗ ತಿದ್ದಲಿ, ಅಜ್ಜಿ?” ಎಂದು ಹೋದರು. ಓದು ಬಾರದವಳ ಬಾಯಿಗೆ ಬೆಲೆಯಿಲ್ಲ. ಸುಟ್ಟವನು ಮಾತ್ರ ಪುಸ್ತಕದಲ್ಲಿ ಶಾಣ್ಯಾ.

ಎರಡನೆಯ ಅಚ್ಚಿನ ಅರ್ಧ ಹೋಳು ಇಷ್ಟು ವರ್ಷ ನನ್ನ ಜೋಳದ ಡಬ್ಬಿಯ ಮೇಲೆ ಕೂತಿತ್ತು. ಅಡಿ ಸಪಾಟು, ಭಾರವೂ ಇದೆ, ಇಲಿ ಎತ್ತಲಾರದು. ಮರುದಿನ ಬೆಳಿಗ್ಗೆ ಅದನ್ನು ಹಳೆಯ ಸೀರೆಯಲ್ಲಿ ಕಟ್ಟಿಕೊಂಡು ಮೊದಲ ಬಸ್ಸು ಹತ್ತಿದೆ.

“ಗಂಟಿನ್ಯಾಗ ಏನೈತಿ, ಅಜ್ಜಿ?” ಎಂದ ಕಂಡಕ್ಟರ್.

“ಮುಚ್ಚಳ.”

ಚಿಕ್ಕೋಡಿಯ ಕಾಲೇಜಿನಲ್ಲಿ ಮಾಸ್ತರರ ಟೇಬಲ್ಲಿನ ಮೇಲೆ ಗಂಟು ಬಿಚ್ಚಿದೆ. “ಇದನ್ನ ಅಳೀರಿ. ಶೆಡ್ಡಿಗೆ ಬಂದು ಇಂಜಿನ್ನೂ ಅಳೀರಿ. ಯಾವುದು ದೊಡ್ಡದು ನೋಡ್ರಿ, ನನ್ನ ಒಲಿ ಮಾತು ಖರೇನೋ ಸುಳ್ಳೋ ತಿಳೀತೈತಿ. ನಾ ಸುಟ್ಟೆ ಅನ್ನೂ ಸಾಲು ಹೊಡದ ಹಾಕೂತನಕ ನಾ ಏಳಾಕಿ ಅಲ್ಲ.”

ಅವರ ಕುರ್ಚಿ ಎಳೆದು ಕೂತೆ.