ಮಾವ ಕಟ್ಟಿದ ಹತ್ತು ಕಣ್ಣು

ಕಳೆದ ವಾರ ತ್ರಾಸಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಶೆಡ್ಡಿನಿಂದ ಹೊಸ ನೈಲಾನ್ ಬಲೆಯ ವಾಸನೆ ಬಂತು. ಬಸ್ಸು ಬಂದು ಹೋಯಿತು, ನಾನು ಹತ್ತಲಿಲ್ಲ... ಅಮ್ಮನ ತಮ್ಮ, ನನ್ನ ಮಾವ, ನೆನಪಾಗಿದ್ದರು.

ನಮ್ಮೂರು ನಾವುಂದದಲ್ಲಿ ಬಲೆ ಹರಿದರೆ ಮಾವನ ಬಳಿಗೇ ತರುತ್ತಿದ್ದರು. ಅವರು ಕಟ್ಟಿ ಕೊಟ್ಟ ಮೇಲೆ ಹರಿದ ಜಾಗ ಹುಡುಕಿದರೂ ಸಿಗುತ್ತಿರಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಅವರ ಕಿವಿಯಲ್ಲಿ ಯಾರೋ ಬೈಯತೊಡಗಿದರು. ಡಾಕ್ಟರು ಸ್ಕಿಜೋಫ್ರೇನಿಯಾ ಎಂದು ಹೇಳಿ ಮಾತ್ರೆ ಕೊಟ್ಟರು. ಎರಡು ತಿಂಗಳಲ್ಲಿ ಬೈಗುಳ ನಿಂತಿತು. ಆದರೆ ಕೈ ನಡುಗತೊಡಗಿತು, ಬಲೆಯ ಸೂಜಿ ಹಿಡಿಯಲಾಗಲಿಲ್ಲ. ಮಾವ ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡು ಹಿತ್ತಿಲಲ್ಲಿ ಉಗುಳತೊಡಗಿದರು. ನಡುಕ ಹೋಯಿತು, ಬೈಗುಳ ಮರಳಿತು.

ಅಮ್ಮನ ಅಳು ನೋಡಲಾಗದೆ ನಾನೇ ಮಾತ್ರೆ ಪುಡಿ ಮಾಡಿ ಬಂಗುಡೆ ಸಾರಿಗೆ ಬೆರೆಸತೊಡಗಿದೆ. ಕೆಲವೇ ದಿನಗಳಲ್ಲಿ ಕೈ ಮತ್ತೆ ನಡುಗಿತು. ಮಾವ ಬಟ್ಟಲು ದೂಡಿದರು.

"ಇದ್ರಂಗೆ ಎಂತ ಹಾಕಿದ್ಯೆ? ನನ್ನತ್ರ ಒಂದ್ ಮಾತ್ ಕೇಂಬುಕ್ ಆಯ್ಲಿಲ್ಯಾ ನಿಂಗೆ?"

ಆಮೇಲೆ ನಾನು ಬಡಿಸಿದ್ದನ್ನು ಮುಟ್ಟಲಿಲ್ಲ. ತಾವೇ ಗಂಜಿ ಬೇಯಿಸಿಕೊಂಡರು. ತಪ್ಪಾಯಿತು, ಕೈಯ ವಿಷಯ ಡಾಕ್ಟರಿಗೆ ನೀವೇ ಹೇಳಿ ಎಂದು ಅಂಗಲಾಚಿದೆ.

"ಬತ್ತೆ. ಆದ್ರೆ ಅಲ್ಲಿ ನೀ ಬಾಯಿ ಬಿಡುಕಾಗ."

ಬ್ರಹ್ಮಾವರದಲ್ಲಿ ಡಾಕ್ಟರ ಎದುರು ಕೂತು ಕಿವಿ ಮುಟ್ಟಿ ತೋರಿಸಿ, ಎರಡೂ ಕೈ ಚಾಚಿದರು. "ಹ್ವಾಯ್ ಡಾಕ್ಟ್ರೆ, ನಿಮ್ ಮಾತ್ರಿ ತಿಂದ್ರೆ ಕೆಮಿಯಂಗೆ ಬೈಯುದ್ ನಿಲ್ತ್, ಕೈ ಕುಣಿತ್ತ್. ಎರಡ್ರಂಗೆ ಒಂದೇ ಅಂದ್ರೆ ನಂಗೆ ಕೈ ಬೇಕ್."

ಡಾಕ್ಟರು ಮಾತ್ರೆ ಬದಲಿಸಿದರು. ಮುಂದಿನ ಸಲ ಬಲೆ, ಸೂಜಿ ತರಲು ಹೇಳಿದರು. ಅಲ್ಲಿಂದ ಪ್ರತಿ ಸಲವೂ ಮಾವ ಅವರೆದುರು ಬಲೆಯ ಹತ್ತು ಕಣ್ಣು ಕಟ್ಟಬೇಕು. ಗಂಟು ನೋಡಿ, ಕಿವಿಯ ಸುದ್ದಿ ಕೇಳಿ, ಆಮೇಲೆಯೇ ಚೀಟಿ. ಮೂರನೇ ಸಲ ಗಂಟು ಬಿಗಿಯಾಗಿ ಕೂತಿತು.

"ನಿಮ್ ಕಿಟಕಿಗೂ ಒಂದ್ ಕಟ್ಟಿ ಕೊಡ್ಲಾ? ನುಸಿ ಬಪ್ಪುದಿಲ್ಲ."

"ನಿಮ್ಮ ಬಲೆಯಲ್ಲಿ ನುಸಿ ಎಂತ, ಬೆಕ್ಕೂ ತೂರ್ತದೆ ಮಾರಾಯ್ರೆ!"

ಅಂದು ಮನೆಗೆ ಬಂದು ಮಾವ ನನ್ನ ಮುಂದೆ ಬಟ್ಟಲು ಚಾಚಿದರು...

ಹೊಸ ಮಾತ್ರೆಗೆ ಹಸಿವು ವಿಪರೀತ. ಮೈ ಬಂತು, ಕೆಲವು ವರ್ಷಗಳಲ್ಲಿ ಸಕ್ಕರೆ ಕಾಯಿಲೆಯೂ ಬಂತು. ಮಾತ್ರೆಯಿಂದಲೂ ಇರಬಹುದು, ಬದಲಿಸಿ ನೋಡೋಣ ಎಂದರು ಡಾಕ್ಟರು. ಮಾವ ಒಪ್ಪಲಿಲ್ಲ.

"ಬ್ಯಾಡ. ಕೈ ಇತ್ತ್, ಕೆಮಿ ಸುಮ್ನಿತ್ತ್. ಹೊಟ್ಟಿ ನಾ ಕಾಣ್ಕಂತೆ."

ಮೈ ಇಳಿಸಲು ದಿನವೂ ಕಡಲ ಬದಿ ನಡೆದರು. ಊರಿನ ಬಲೆಗಳನ್ನೆಲ್ಲ ಕಟ್ಟಿದರು. ಐವತ್ತು ತುಂಬುವ ಮೊದಲೇ ಹೃದಯ ನಿಂತಿತು.

ಮಾತ್ರೆ ಬದಲಿಸಿದ್ದರೆ ಇನ್ನೂ ಇರುತ್ತಿದ್ದರೇನೋ... ಡಾಕ್ಟರೂ ಹೇಳಲಾರರು. ಅವರೇ ಆರಿಸಿಕೊಂಡದ್ದು ಎಂದು ನಾನು ಅಮ್ಮನಿಗೆ ಆಗಾಗ ಹೇಳುತ್ತೇನೆ. ಅಮ್ಮ ಹೌದೆಂದು ತಲೆಯಾಡಿಸುತ್ತಾಳೆ. ನನ್ನ ಮುಖ ನೋಡುವುದಿಲ್ಲ.