ಬಿದ್ದವಳು ಏಳಬೇಕಲ್ವಾ?

ಬೆಳಗಿನ ಜಾವ. ಲಾ ಪಾಸ್ ನಗರದ ಇಳಿಜಾರು ಬೀದಿಯಲ್ಲಿ ಸಿನಿಮಾದವರ ದೀಪಗಳು ಆಗಲೇ ಉರಿಯುತ್ತಿವೆ. ಸೆನೋವಿಯಾ ಕಾಯಿಸಾಯಾ ಗೋಡೆಗೊರಗಿ ನಿಂತು, ನೆರಿಗೆಯ ಲಂಗ ಕೊಡವಿಕೊಂಡು, ಗುಂಡು ಟೋಪಿಗೆ ಪಿನ್ನು ಚುಚ್ಚಿಕೊಳ್ಳುತ್ತಾರೆ. ಗುಂಪಿನ ದೃಶ್ಯಕ್ಕೆ ಬಂದ ಉಳಿದವರು ಆಚೆ ಸೇರಿಕೊಂಡು ನೇರಳೆ ಜೋಳದ ಬಿಸಿ ಆಪಿ ಕುಡಿಯುತ್ತಿದ್ದಾರೆ. ಇವರನ್ನು ಯಾರೂ ಕರೆಯುವುದಿಲ್ಲ.

"ನನ್ನ ಜೊತೆ ನಿಂತ್ರೆ ಅವರಿಗೂ ಕೆಲಸ ಸಿಗಲ್ವಂತೆ. ಜಗಳಗಂಟಿ ಅಂತ ಹೆಸರು ಬಂದಿದೆಯಲ್ಲ!" ಎನ್ನುತ್ತಾರೆ, ಅವರ ಬಗ್ಗೆ ಬರೆಯಲು ಬಂದ ನನಗೆ.

ಸೆನೋವಿಯಾ ಪಕ್ಕದ ನಮ್ಮೂರು ಎಲ್ ಆಲ್ತೊದ ಸಂತೆಯಲ್ಲಿ ಆಲೂಗಡ್ಡೆ ಮಾರುವ, ಐಮಾರಾ ಎಂಬ ಮೂಲನಿವಾಸಿ ಜನಾಂಗದ ಹೆಂಗಸು. ಗಂಡ ತೀರಿಕೊಂಡ ಮೇಲೆ, ಸಂತೆಯಿಲ್ಲದ ದಿನ ಮನೆಯಲ್ಲಿ ಒಬ್ಬರೇ ಕೂರಲಾಗದೆ ಸಿನಿಮಾಕ್ಕೆ ಬಂದರು. ಇಪ್ಪತ್ತು ವರ್ಷಗಳಲ್ಲಿ ತೆರೆಯ ಮೇಲೆ ನೆಲ ಒರೆಸಿದ್ದಾರೆ, ಯಾರದೋ ಹೆಣದ ಹಿಂದೆ ಅತ್ತಿದ್ದಾರೆ, ಪೊಲೀಸರ ಜೀಪಿಗೆ ಅಡ್ಡ ಬಂದಿದ್ದಾರೆ. ಮಾತು ಮಾತ್ರ ಒಂದೂ ಸಿಕ್ಕಿಲ್ಲ.

ಹೋದ ವರ್ಷ ಬಂದದ್ದು, ಕಳ್ಳರ ತಂಡವೊಂದು ಒಡವೆ ಅಂಗಡಿ ದೋಚುವ ನಗೆಚಿತ್ರ. ಓಡುವ ಕಳ್ಳರು ಡಿಕ್ಕಿ ಹೊಡೆದಾಗ, ಆಲೂಗಡ್ಡೆ ಚೀಲ ಹೊತ್ತ ಸೆನೋವಿಯಾ ಲಂಗ ಹಾರಿ ಬೀಳಬೇಕು, ಜನ ನಗಬೇಕು.

"ಬೀಳೋ ಈ ಹೆಂಗಸು ಎಲ್ಲಿಗೆ ಹೊರಟಿದ್ದಾಳೆ ಅಂತ ನಿರ್ದೇಶಕನ್ನ ಕೇಳಿದೆ. 'ಎಲ್ಲಿಗೂ ಇಲ್ಲ ಕಣಮ್ಮಾ, ಸುಮ್ನೆ ಬೀಳು' ಅಂದ. ಆಯ್ತಪ್ಪಾ, ಬೀಳ್ತೀನಿ. ಬಿದ್ದವಳು ಏಳಬೇಕಲ್ವಾ?"

ಎದ್ದೇಬಿಟ್ಟರು. ಉರುಳಿದ ಆಲೂಗಡ್ಡೆ ಆರಿಸಿಕೊಡಿ ಎಂದು ಕಳ್ಳರನ್ನು ಐಮಾರಾ ಭಾಷೆಯಲ್ಲಿ ತರಾಟೆಗೆ ತೆಗೆದುಕೊಂಡರು. ಕಳ್ಳರ ವೇಷದವರು ನಿಜಕ್ಕೂ ಹೆದರಿ, ಬಗ್ಗಿ ಆರಿಸತೊಡಗಿದರು. ಬೀದಿಗೆ ಬೀದಿಯೇ ನಕ್ಕಿತು. ನಿರ್ದೇಶಕ ಚಪ್ಪಾಳೆ ತಟ್ಟಿದ.

ಕಥೆಯಲ್ಲಿ ಕಳ್ಳರ ತಂಡದ ಯಜಮಾನಿಯೂ ಐಮಾರಾ ಹೆಂಗಸೇ. ಆದರೆ ಆ ಪಾತ್ರ ಮಾಡಿದ್ದು ಬೆಳ್ಳಗಿನ ನಟಿ, ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು. "ಟೋಪಿ ಜಾರದ ಹಾಗೆ ಇಡೋದನ್ನ ನಾನೇ ಕಲಿಸಿದೆ. ಒಳ್ಳೇ ಹುಡುಗಿ, ಪಾಪ," ಎನ್ನುತ್ತಾರೆ ಸೆನೋವಿಯಾ.

'ನಮ್ಮೆಲ್ಲರ ಮುಖಗಳಿರುವ ಸಿನಿಮಾ' ಎಂದು ಗೋಡೆಗೋಡೆಗೂ ಜಾಹೀರಾತು ಬಿತ್ತು. ನಡುವೆ ಆ ಬಣ್ಣ ಬಳಿದ ಮುಖ. ದಂತವೈದ್ಯರ ಬಳಿ ಕೆಲಸ ಮಾಡುವ ಮಗಳು ನಿಲ್ದಾಳನ್ನು ಸೆನೋವಿಯಾ ಚಿತ್ರಮಂದಿರಕ್ಕೆ ಕರೆದರು. "ನೀನು ಬೀಳೋದನ್ನ, ಅದಕ್ಕೆ ಜನ ನಗೋದನ್ನ ನಾನು ಕೂತು ನೋಡ್ಲಾ ಅವ್ವಾ?" ಎಂದಳು ನಿಲ್ದಾ. "ಬೀಳೋದನ್ನಲ್ಲ ಕಣೇ, ಏಳೋದನ್ನ ನೋಡ್ಬಾ" ಎಂದರೂ ಬರಲಿಲ್ಲ. ಸೆನೋವಿಯಾ ಒಬ್ಬರೇ ಹೋದರು.

"ಬಿದ್ದೆ. ಅಷ್ಟೇ. ಕಳ್ಳರ ಕಾರು ಹೊರಟೇಹೋಯ್ತು. ಎದ್ದಿದ್ದು, ಬೈದಿದ್ದು ಎಲ್ಲಾ ಕತ್ತರಿಸಿದ್ರು. ಪಕ್ಕದಲ್ಲಿ ನಮ್ಮ ಹಾಗೇ ಲಂಗ ಉಟ್ಟಿದ್ದ ಹೆಂಗಸು, ಅವಳೂ ನಕ್ಕಳು. ಆಮೇಲೆ ನನ್ನ ಗುರುತು ಹಿಡಿದು ಬಾಯಿಗೆ ಶಾಲು ಒತ್ಕೊಂಡ್ಳು."

ಅಂದಿನಿಂದ ಬೀಳುವ ಮುಂಚೆ ಸೆನೋವಿಯಾ ಒಂದು ಪ್ರಶ್ನೆ ಕೇಳುತ್ತಾರೆ. ಕೆಲಸ ಕಡಿಮೆಯಾಗಿದೆ.

ಈಗ ಸಹಾಯಕ ನಿರ್ದೇಶಕ ಬರುತ್ತಾನೆ. "ದೋನ್ಯಾ ಸೆನೋವಿಯಾ, ಗುಂಡಿನ ಸದ್ದಿಗೆ ಒಬ್ಬರು ಬೀಳ್ಬೇಕು."

"ಬೀಳ್ತೀನಿ ಮಗಾ. ಏಳೋದನ್ನ ಉಳಿಸ್ತೀರಾ?"

"ಅಯ್ಯೋ, ಮತ್ತೆ ಅದೇ ರಾಗ!" ಎಂದು ಅವನು ಆಪಿ ಕುಡಿಯುತ್ತಿದ್ದವರ ಕಡೆ ತಿರುಗಿ ಇನ್ನೊಬ್ಬಳನ್ನು ಕರೆಯುತ್ತಾನೆ.

ಸೆನೋವಿಯಾ ಟೋಪಿಯ ಪಿನ್ನು ಕಿತ್ತು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಬಸ್ಸಿನವರೆಗೆ ಜೊತೆಗೆ ನಡೆಯುತ್ತಾ, ಯಾವ ಪಾತ್ರ ಮಾಡುವಾಸೆ ಎಂದು ಕೇಳುತ್ತೇನೆ.

"ಕಳ್ಳಿ," ಎನ್ನುತ್ತಾರೆ ಥಟ್ಟನೆ. "ನೀವೇ ನೋಡಿ, ಕಳ್ಳರು ಒಂದು ಮೇಜಿನ ಸುತ್ತ ಕೂತು ಉಣ್ತಾರೆ, ಹಂಚಿಕೆ ಹಾಕ್ತಾರೆ, ಕಿತ್ತಾಡ್ತಾರೆ. ಇಷ್ಟು ವರ್ಷದಲ್ಲಿ ಒಂದು ಸಲಾನೂ ಈ ಸಿನಿಮಾದವರು ನನ್ನ ಎದುರು ಯಾರನ್ನೂ ಕೂರಿಸಿಲ್ಲ."